ತಪ್ಪಿದ್ದರೆ ಗುರುತು ಹಾಕು

ಹಾಳೆಯನ್ನು ನಾಲ್ಕನೆಯ ಸಲ ಓದಿ ಮುಗಿಸಿದಾಗಲೂ ಅವಳ ಎಡಗೈಯಲ್ಲಿದ್ದ ಕೆಂಪು ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ. ನಿನ್ನೆ ಸಂಜೆ ತಂಗಿ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಅದನ್ನು ಕೈಗಿತ್ತು ಹೋಗಿದ್ದಳು. “ನಾಳೆ ನಾಲ್ಕಕ್ಕೆ ಪ್ರದರ್ಶನ ಶುರು ಅಕ್ಕ. ಇದು ಗೋಡೆಗೆ ಹಾಕೋ ಪರಿಚಯ. ಒಂದ್ಸಲ ಕಣ್ಣಾಡಿಸು. ತಪ್ಪಿದ್ರೆ ಗುರುತು ಹಾಕು.” ಒಳಗೆ ಬಾ ಎಂದರೆ ಇನ್ನೂ ಇಪ್ಪತ್ತು ಮಣ್ಣಿನ ಲೋಟ ಒಣಗಬೇಕು ಅಂದಳು. ತಪ್ಪು ಹುಡುಕುವುದಕ್ಕೆ ಅಕ್ಕನಿಗಿಂತ ಬೇರೆ ಯಾರು ಬೇಕು? ಮೂವತ್ತೊಂಬತ್ತು ವರ್ಷ ಅವಳು ಅನ್ನ ತಿಂದದ್ದೇ ತಪ್ಪು ಹುಡುಕಿ. ಪಿಂಗಾಣಿ ಕಾರ್ಖಾನೆ ಎಂದರೆ ಜನ ಹೂವಿನ ಚಿತ್ರದ ಬಟ್ಟಲುಗಳನ್ನು ನೆನೆಯುತ್ತಾರೆ. ಅವಳಿದ್ದ ಕಾರ್ಖಾನೆಯಲ್ಲಿ ಆಗುತ್ತಿದ್ದದ್ದು ಕೈತೊಳೆಯುವ ಬೇಸಿನ್ನು, ಕಮೋಡು. ಭಟ್ಟಿಯಿಂದ ಹೊರಬಂದ ಒಂದೊಂದನ್ನೂ ಮರದ ಪುಟ್ಟ ಸುತ್ತಿಗೆಯಿಂದ ತಟ್ಟಿ ಕಿವಿಗೊಡಬೇಕು. ಠಣ್ ಅಂದರೆ ಗಟ್ಟಿ. ದಬ್ ಅಂದರೆ ಒಳಗೆಲ್ಲೋ ಬಿರುಕು. ಅನುಮಾನ ಬಂದರೆ ಕೆಂಪು ಶಾಯಿ ಬಳಿದು ಒರೆಸುವುದು. ಮೈಯೆಲ್ಲ ಮತ್ತೆ ಬೆಳ್ಳಗಾದ ಮೇಲೂ ಕಣ್ಣಿಗೆ ಕಾಣದಿದ್ದ ಬಿರುಕಿನಲ್ಲಿ ಮಾತ್ರ ಶಾಯಿ ಉಳಿದು ಕೂದಲಿನಂಥ ಗೆರೆ ಮೂಡುತ್ತಿತ್ತು. ಆ ಗೆರೆ ಕಂಡಾಗ ಅವಳಿಗೆ ಒಂದು ಬಗೆಯ ಖುಷಿಯಾಗುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹಾಳೆಯಲ್ಲಿ ಎರಡು ಭಾಗವಿತ್ತು. ಮೊದಲನೆಯದು ‘ವೃತ್ತಿ ಹಿನ್ನೆಲೆ’. ಅದರ ಪ್ರಕಾರ ತಂಗಿ ‘ಮಣ್ಣಿನ ಒಡನಾಟವಿದ್ದ ಕುಟುಂಬ’ದಲ್ಲಿ ಬೆಳೆದವಳು, ಹದಿನೈದನೆಯ ವಯಸ್ಸಿಗೇ ‘ಸ್ವಪ್ರೇರಣೆಯಿಂದ’ ಪಿಂಗಾಣಿ ಮಣ್ಣಿನಲ್ಲಿ ಪ್ರಯೋಗ ಆರಂಭಿಸಿದವಳು. ಒಡನಾಟವಂತೆ! ಕಮೋಡು ಎಂಬ ಮಾತನ್ನು ಗೋಡೆಗೆ ಅಂಟಿಸಲು ನಾಚಿಕೆ, ಅಷ್ಟೆ. ಇನ್ನು ಸ್ವಪ್ರೇರಣೆ. ಆ ಮಣ್ಣು ಕಾರ್ಖಾನೆಯಿಂದ ಅಕ್ಕನ ಊಟದ ಡಬ್ಬಿಯ ಕೆಳಗಿನ ಅಂತಸ್ತಿನಲ್ಲಿ, ಒದ್ದೆ ಬಟ್ಟೆ ಸುತ್ತಿಕೊಂಡು, ಗೇಟಿನ ಕಾವಲುಗಾರನ ಕಣ್ಣು ತಪ್ಪಿಸಿ ದಿನವೂ ಮನೆಗೆ ಬರುತ್ತಿತ್ತು. ಸಿಕ್ಕಿಬಿದ್ದಿದ್ದರೆ ಕೆಲಸ ಹೋಗುತ್ತಿತ್ತು. ಕೆಳಗಿನ ಅಂತಸ್ತಿನಲ್ಲಿ ಮಣ್ಣಿದ್ದುದರಿಂದ ಅವಳು ಮೇಲಿನ ಅಂತಸ್ತಿನಷ್ಟೇ ಊಟ ಮಾಡಿ ಎರಡು ವರ್ಷ ಕಳೆದಿದ್ದಳು, ಅದೂ ಅವಳ ಸ್ವಪ್ರೇರಣೆಯೇ. ಕೊಟ್ಟವ ಕೋಡಂಗಿ, ಈಸ್ಕೊಂಡವ ಈರಭದ್ರ. ಆದರೂ ಇದೆಲ್ಲ ಅವಳನ್ನು ಅಷ್ಟು ಚುಚ್ಚಲಿಲ್ಲ; ಮೂರು ಪ್ರದರ್ಶನಗಳ ಹಾಳೆಗಳನ್ನು ಹೀಗೆಯೇ ಓದಿ, ಇಂಥದ್ದನ್ನೆಲ್ಲ ನುಂಗಿ, ಬಿಟ್ಟುಹೋದ ದೀರ್ಘಗಳನ್ನಷ್ಟೇ ತಿದ್ದಿ ಕೊಟ್ಟು ಅಭ್ಯಾಸವಾಗಿತ್ತು. ಚುಚ್ಚಿದ್ದು ಎರಡನೆಯ ಭಾಗ. ‘ಕೃತಿಗಳ ವಸ್ತು’ ಎಂಬ ತಲೆಬರಹದ ಕೆಳಗೆ, ತಂಗಿಯ ಮಾತಿನಲ್ಲೇ, ಆರೇಳು ಸಾಲು.

‘ನನಗೆ ಆಗ ಐದು ವರ್ಷ. ಅಮ್ಮ ಹಾಸಿಗೆ ಹಿಡಿದಿದ್ದಳು. ಹಸಿಮಣ್ಣಿನಲ್ಲಿ ಒಂದು ಲೋಟ ಮಾಡಿ, ಕಿಟಕಿಯ ಕಟ್ಟೆಯ ಮೇಲೆ ಎರಡು ದಿನ ಒಣಗಿಸಿ, ಅದರಲ್ಲಿ ನಾನು ಅವಳಿಗೆ ನೀರು ಕೊಟ್ಟೆ. ಸುಡದ ಮಣ್ಣು ನೀರನ್ನು ಹಿಡಿಯುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಎರಡನೆಯ ಗುಟುಕಿಗೆ ತಳ ಬಿಟ್ಟಿತು. ಎದೆಯ ಮೇಲೆಲ್ಲ ಕೆಸರು. ಅಮ್ಮ ನಕ್ಕಳು. ಅದು ಅವಳ ಕೊನೆಯ ನಗು. ಅಂದಿನಿಂದ ನಾನು ಅದೇ ಲೋಟವನ್ನು ಮಾಡುತ್ತಿದ್ದೇನೆ.’ ಅದರ ಕೆಳಗೆ ಯಾರೋ ಕಲಾವಿಮರ್ಶಕರ ಒಂದು ಸಾಲು: ‘ಇವರ ಪ್ರತಿ ಲೋಟದಲ್ಲೂ ಹೆಬ್ಬೆಟ್ಟಿನ ಕುಳಿ ತಪ್ಪು ಬದಿಯಲ್ಲಿರುವುದು, ಹಿಡಿದಿಟ್ಟುಕೊಳ್ಳಲಾಗದ್ದರ ರೂಪಕ.’

ನಾನು ಕೊಟ್ಟೆ ಎಂಬ ಮಾತಿನ ಮೇಲೆ ಅವಳ ಕಣ್ಣು ನಿಂತುಬಿಟ್ಟಿತು. ಆ ಲೋಟ ಮಾಡಿದ್ದು ತಂಗಿಯಲ್ಲ. ಪಕ್ಕದ ಖಾಲಿ ಜಾಗದಲ್ಲಿ ಯಾರೋ ಮನೆ ಕಟ್ಟಲು ತೋಡಿದ್ದ ಪಾಯದಿಂದ ಫ್ರಾಕಿನ ಮಡಿಲಲ್ಲಿ ಜೇಡಿಮಣ್ಣು ತಂದವಳು ಒಂಬತ್ತು ವರ್ಷದ ಅವಳು. ಉಂಡೆ ಮಾಡಿ, ಹೆಬ್ಬೆಟ್ಟಿನಿಂದ ಒತ್ತಿ ಗುಳಿ ಮಾಡಿ, ಸುತ್ತಲೂ ಹಿಸುಕಿ ಗೋಡೆ ಎಬ್ಬಿಸಿದವಳು ಅವಳು. ಅಮ್ಮನ ತಲೆಯನ್ನು ಬಲಗೈಯಿಂದ ಎತ್ತಿ ಹಿಡಿದು ಎಡಗೈಯಿಂದ ಕುಡಿಸಿದವಳು ಅವಳು. ಆ ನಗು ಅವಳದು. ಅಮ್ಮನದೆಂದು ಈ ಅರವತ್ತು ವರ್ಷದ ತಲೆಯಲ್ಲಿ ಉಳಿದಿರುವುದು ಬೇರೆ ಏನು? ಮುಖ ಫೋಟೋದ್ದಾಗಿಬಿಟ್ಟಿದೆ, ದನಿ ಮರೆತೇ ಹೋಗಿದೆ. ತುಟಿಯ ಮೇಲೆ ಮಣ್ಣು ಮೆತ್ತಿಕೊಂಡು, ಸಣ್ಣಗೆ ಕೆಮ್ಮುತ್ತಲೇ ಹೊರಬಂದ ಆ ನಗು ಮಾತ್ರ ಹೊಸದಾಗಿ ಭಟ್ಟಿಯಿಂದ ತೆಗೆದ ಹಾಗಿತ್ತು. ಅದನ್ನು ಈ ದಿನ ನಾಲ್ಕು ಗಂಟೆಗೆ ಗೋಡೆಗೆ ಅಂಟಿಸುತ್ತಾರೆ, ಬೇರೆಯವರ ಹೆಸರಿನಲ್ಲಿ. ಆಗಬಾರದು. ಏನೇ ಆಗಲಿ, ಆ ಸಾಲುಗಳು ಗೋಡೆಗೆ ಹೋಗಬಾರದು.

ಗಂಡ ಗಡ್ಡಕ್ಕೆ ನೊರೆ ಹಚ್ಚಿಕೊಂಡೇ ಬಂದು, ಅವಳ ಹೆಗಲ ಮೇಲಿಂದ ಬಗ್ಗಿ ಓದಿದ. ಅವನು ಓದುವುದೇ ಹಾಗೆ, ತುಟಿ ಅಲ್ಲಾಡಿಸಿಕೊಂಡು, ಬಾಡಿಗೆ ಕರಾರು ಓದುವವನ ಹಾಗೆ. “ಅಬ್ಬಾ, ಎಷ್ಟು ಚೆನ್ನಾಗಿದೆ. ಕಣ್ಣಲ್ಲಿ ನೀರು ಬರತ್ತೆ. ನಿನ್ನ ತಂಗಿ ಇಂಥದ್ದು ಮಾಡಿದ್ಲು ಅಂತ ನೀನು ಯಾವತ್ತೂ ಹೇಳೇ ಇಲ್ವಲ್ಲೇ.”

“ಅವಳು ಮಾಡಿದ್ದಲ್ಲ.”

“ಮತ್ತೆ?”

ಅವಳು ಬಾಯಿ ತೆರೆದಳು. ಮೂವತ್ತನಾಲ್ಕು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವನಿಗೂ ಹೇಳದೆ ಇಟ್ಟುಕೊಂಡದ್ದನ್ನು ಈಗ ನೊರೆಯ ಮುಖಕ್ಕೆ ಹೇಳುವುದು ಹೇಗೆ? “ಏನಿಲ್ಲ. ನೊರೆ ಬೀಳ್ತಿದೆ ಹಾಳೆ ಮೇಲೆ, ಹೋಗ್ರೀ ಆಕಡೆ,” ಎಂದಳು. ಅವನು ಹೋದ. ಕನ್ನಡಿಯ ಮುಂದೆ ನಿಂತು, “ನಾವು ಮದುವೆ ಆದಾಗ ಮೂಗು ಒರೆಸಿಕೊಳ್ಳೋಕೆ ಬರ್ತಿರ್ಲಿಲ್ಲ ಅವಳಿಗೆ. ಈಗ ನೋಡು,” ಅನ್ನುವುದು ಕೇಳಿಸಿತು. ಮದುವೆಯಾದಾಗ ತಂಗಿಗೆ ಇಪ್ಪತ್ತೆರಡು ದಾಟಿತ್ತು. ಅವನ ತಮಾಷೆಗಳಿಗೆ ಲೆಕ್ಕ ಹಾಕಿ ಪ್ರಯೋಜನವಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದಲ್ಲಿ ಇಟ್ಟಿದ್ದಳು, ಆದರೂ ಅದು ಕೈಗೆ ತಾಗುತ್ತಲೇ ಇತ್ತು. ನೇರವಾಗಿ ಹೇಳಿಬಿಡಬೇಕು. ನೋಡೇ, ಇದು ನಂದು, ತೆಗೆದುಬಿಡು. ಅಷ್ಟೇ ತಾನೆ? ಅಕ್ಕ ತಂಗಿಯರ ನಡುವೆ ಏನು ಸಂಕೋಚ? ಎದುರಿನ ಸೀಟಿನ ಹೆಂಗಸು ಮೊಬೈಲಿನಲ್ಲಿ ಯಾರಿಗೋ ಗದರುತ್ತಿದ್ದಳು. ದನಿ ಗಟ್ಟಿ, ಆದರೆ ಒಳಗೆ ದಬ್. ಜನರನ್ನು ಹೀಗೆ ತಟ್ಟಿ ನೋಡುವ ಚಾಳಿ ನಿವೃತ್ತಳಾಗಿ ಎರಡು ವರ್ಷವಾದರೂ ಹೋಗಿರಲಿಲ್ಲ. ಎಲ್ಲರ ಬಿರುಕು ಹಿಡಿದವಳು, ಮನೆಯೊಳಗೇ ಬೆಳೆದವಳ ಬಿರುಕು ಹಿಡಿಯಲಿಲ್ಲವೇ? ಹಿಂದಿನ ಹಾಳೆಗಳು ಒಂದೊಂದಾಗಿ ನೆನಪಿಗೆ ಬಂದವು. ಮೊದಲ ಪ್ರದರ್ಶನದಲ್ಲಿ ‘ಬಾಲ್ಯದ ಒಂದು ಘಟನೆ’ ಎಂದಷ್ಟೇ ಇತ್ತು. ಎರಡನೆಯದರಲ್ಲಿ ‘ಹಾಸಿಗೆ ಹಿಡಿದ ಅಮ್ಮ’. ಮೂರನೆಯದರಲ್ಲಿ ‘ಕರಗಿದ ಲೋಟ’ ಬಂದಿತ್ತು, ಯಾರು ಕೊಟ್ಟದ್ದೆಂದು ಇರಲಿಲ್ಲ. ಆಗಲೂ ಆ ಎರಡು ಪದಗಳನ್ನು ಅವಳು ಮತ್ತೆ ಮತ್ತೆ ಓದಿದ್ದಳು. ಕೆಂಪು ಪೆನ್ನಿನಿಂದ ‘ಪ್ರಯೋಗಶೀಲ’ದ ದೀರ್ಘ ತಿದ್ದಿ ಕೊಟ್ಟಿದ್ದಳು. ತಂಗಿ ಹಾಳೆಯನ್ನು ಬೆಳಕಿಗೆ ಹಿಡಿದು ಆ ಒಂದೇ ಕೆಂಪು ಗುರುತನ್ನು ಬಹಳ ಹೊತ್ತು ನೋಡಿದ್ದಳು. “ಇಷ್ಟೇನಾ ಅಕ್ಕ?” ಎಂದು ಕೇಳಿದ್ದಳು.

ಹಾಗಾದರೆ ಕದ್ದದ್ದು ಯಾವಾಗ? ಕದ್ದದ್ದು ಎನ್ನುವುದೂ ಪೂರ್ತಿ ಸರಿಯಲ್ಲ ಎಂದು ಒಳಗಿನಿಂದ ಯಾರೋ ಹೇಳಿದರು. ಬಸ್ಸು ಒಂದು ಗುಂಡಿಗೆ ಇಳಿದು ಹತ್ತಿತು. ತಂಗಿಗೆ ಏಳೆಂಟು ವರ್ಷವಿದ್ದಾಗ, ಮಲಗುವ ಮುಂಚೆ ಗೋಡೆಯ ಕಡೆ ತಿರುಗಿ, ನಂಗೆ ಅಮ್ಮ ಹೇಗಿದ್ಲು ಅಂತಾನೇ ಗೊತ್ತಿಲ್ಲ ಎಂದು ಬಿಕ್ಕುತ್ತಿದ್ದಳು. ನೀನು ಅಮ್ಮಂಗೆ ಒಂದು ಲೋಟ ಮಾಡಿಕೊಟ್ಟಿದ್ದೆ ಗೊತ್ತಾ, ಎಂದು ಶುರುಮಾಡಿದವಳು ಇವಳೇ. ಮಣ್ಣಿನ ಲೋಟ. ಹಿತ್ತಲಿನ ಬಿಸಿಲಲ್ಲಿ ಒಣಗಿಸಿದ್ದೆ. ಅಮ್ಮ ಕುಡೀತಾ ಕುಡೀತಾ ಎಲ್ಲಾ ಮೈಮೇಲೆ ಬಿತ್ತು. ಅಮ್ಮ ಎಷ್ಟು ನಕ್ಕಳು ಗೊತ್ತಾ? ತಂಗಿಯ ಅಳು ನಿಲ್ಲುತ್ತಿತ್ತು. ಮತ್ತೆ ಹೇಳು ಅನ್ನುತ್ತಿದ್ದಳು. ಇವಳು ಮತ್ತೆ ಹೇಳುತ್ತಿದ್ದಳು. ಹೇಳುವಾಗ ಎಷ್ಟು ಸಲೀಸಾಗಿ ನಾನು ಎನ್ನುವ ಕಡೆ ನೀನು ಎಂದು ಬರುತ್ತಿತ್ತು! ಎಂಥ ಒಳ್ಳೆಯ ಅಕ್ಕ ಎಂದು ಅವಳಿಗೆ ತನ್ನ ಮೇಲೇ ಪ್ರೀತಿ ಬರುತ್ತಿತ್ತು. ಹಿತ್ತಲಿನ ಬಿಸಿಲು. ಅವಳು ಸೆಟೆದು ಕುಳಿತಳು. ಯಾವಾಗಲೂ ಹಿತ್ತಲು ಎಂದೇ ಹೇಳುತ್ತಿದ್ದದ್ದು. ಹಾಳೆಯಲ್ಲಿ ಕಿಟಕಿಯ ಕಟ್ಟೆ ಎಂದಿದೆ. ನಿಜವಾಗಿ ಒಣಗಿಸಿದ್ದು ಕಿಟಕಿಯ ಕಟ್ಟೆಯ ಮೇಲೆಯೇ. ಅದನ್ನು ತಂಗಿಗೆ ಯಾರು ಹೇಳಿದರು? ಇರಲಿ, ಊಹೆ ಇರಬೇಕು, ಕಲಾವಿದರು ಹೀಗೆ ಏನಾದರೂ ಸೇರಿಸುತ್ತಾರೆ. ಕಂಡಕ್ಟರ್ ಅವಳ ನಿಲ್ದಾಣದ ಹೆಸರನ್ನು ಎರಡು ಸಲ ಕೂಗಿದ ಮೇಲೆ ಎದ್ದಳು.

ಗ್ಯಾಲರಿಯ ಬಾಗಿಲಲ್ಲಿದ್ದ ಕಾವಲುಗಾರ ಅವಳ ರಬ್ಬರು ಅಟ್ಟೆಯ ಚಪ್ಪಲಿಯನ್ನೂ ಹಿಗ್ಗಿದ ಕೈಚೀಲವನ್ನೂ ನೋಡಿ, “ಸಾಮಾನು ತರೋರು ಹಿಂದಿನ ಬಾಗಿಲಿಂದಮ್ಮ,” ಅಂದ. ಕೈಚೀಲದಲ್ಲಿ ಇದ್ದದ್ದು ಒಂದು ಹಾಳೆ, ಒಂದು ಪೆನ್ನು, ಒಂದು ಛತ್ರಿ. ತಾನು ಕಲಾವಿದೆಯ ಅಕ್ಕ ಎಂದು ಹೇಳಬಹುದಿತ್ತು. ಹಠ ಬಂದು ಹಿಂದಿನ ಬಾಗಿಲಿಗೇ ಹೋದಳು. ಅಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ನಡೆಯುವಾಗ, ಅವುಗಳ ವಾಸನೆ ಮೂಗಿಗೆ ಬಡಿದು ಕಾರ್ಖಾನೆ ನೆನಪಾಯಿತು. ಅಲ್ಲಿ ತಟ್ಟುವವರ ಸಾಲಿನಲ್ಲಿ ಎಲ್ಲರೂ ಬಲಗೈಯವರು, ಇವಳೊಬ್ಬಳೇ ಎಡಚಿ. ಇವಳ ಸುತ್ತಿಗೆ ಪಕ್ಕದವಳ ಮೊಣಕೈಗೆ ತಾಗುತ್ತದೆಂದು ಮೇಸ್ತ್ರಿ ಇವಳನ್ನು ಸಾಲಿನ ಕೊನೆಗೆ, ಗೋಡೆಯ ಪಕ್ಕಕ್ಕೆ ಹಾಕಿದ್ದ. ಮನೆಯಲ್ಲೂ ಅಷ್ಟೆ, ಅಮ್ಮ ಹೋದ ಮೇಲೆ ಮನೆ ನೋಡಿಕೊಳ್ಳಲು ಬಂದ ಸೋದರತ್ತೆ ಅವಳ ಎಡಗೈಯ ಮೇಲೆ ಸೌಟಿನಿಂದ ಬಾರಿಸಿ ಬಲಗೈ ಕಲಿಸಲು ನೋಡಿದ್ದಳು. ಅತ್ತೆಯ ನೆನಪು ಬಂದರೆ ಅದು ಸೌಟಿನಲ್ಲಿ ನಿಲ್ಲುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಅವಳು ಹೆಜ್ಜೆ ಬೇಗಬೇಗ ಹಾಕಿದಳು.

ಎತ್ತರದ ಕಿಟಕಿಗಳ ಉದ್ದನೆಯ ಕೋಣೆ. ಗೋಡೆಯ ಹಲಗೆಗಳ ಮೇಲೆ ಸುಟ್ಟ ಲೋಟಗಳು, ಒಂದೊಂದರ ಕೆಳಗೂ ‘ಮುಟ್ಟಬೇಡಿ’. ಈ ಚೀಟಿಯನ್ನು ಅವಳು ಎಷ್ಟು ಪಾಲಿಸಿದ್ದಳೆಂದರೆ ಮೂರು ಪ್ರದರ್ಶನದಲ್ಲೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ತಿರುಗಿದ್ದಳು. ಅವಳ ಮನೆಯಲ್ಲಿ ತಂಗಿ ಕೊಟ್ಟ ದೊಡ್ಡ ತಟ್ಟೆಯೊಂದಿತ್ತು, ಲೋಟ ಒಂದೂ ಇರಲಿಲ್ಲ. ಕೇಳಿದರೆ, ಕೊಡ್ತೀನಿ ಇರು, ಇನ್ನೂ ಸರಿಯಾಗಿ ಬಂದಿಲ್ಲ ಅನ್ನುತ್ತಿದ್ದಳು. ನಡುವೆ ಉದ್ದ ಮೇಜಿನ ಮೇಲೆ ಸುಡದ ಲೋಟಗಳು ಸಾಲಾಗಿ ನಿಂತಿದ್ದವು, ಮೇಜಿನ ಅಂಚಿಗೆ ತಗಡಿನ ತೊಟ್ಟಿ. ನೋಡಲು ಬಂದವರು ತಾವೇ ನೀರು ಹಾಕಿ, ಕೈಯಲ್ಲಿ ಕರಗುವುದನ್ನು ನೋಡಬೇಕಂತೆ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಡ. ಗ್ಯಾಲರಿಯ ಕೆಲಸದ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಹುಡುಗಿ ಓಡಿಬಂದಳು. “ಓ, ನೀವು ಮೇಡಂ ಅವರ ಅಕ್ಕ ಅಲ್ವಾ? ನೀವೂ ಕಲಾವಿದರಾ?”

“ಕಮೋಡು,” ಎಂದಳು.

ಹುಡುಗಿ ನಗಬೇಕೋ ಬೇಡವೋ ತಿಳಿಯದೆ ಕನ್ನಡಕ ಸರಿಮಾಡಿಕೊಂಡಳು. “ಬೋರ್ಡ್ ರೆಡಿ ಇದೆ. ಆದ್ರೆ ಅಕ್ಕ ಬಂದು ನೋಡೋವರೆಗೂ ಅಂಟಿಸ್ಬೇಡಿ ಅಂದಿದ್ದಾರೆ ಮೇಡಂ. ಬೆಳಿಗ್ಗೆಯಿಂದ ಕಾಯ್ತಾ ಇದ್ದೀವಿ.” ಗೋಡೆಗೆ ಮುಖ ಮಾಡಿ ಒಂದು ದೊಡ್ಡ ಹಲಗೆ ಒರಗಿ ನಿಂತಿತ್ತು. ಶಿಕ್ಷೆಗೆ ನಿಲ್ಲಿಸಿದ ಮಗುವಿನ ಹಾಗೆ ಎನ್ನಿಸಿತು ಅವಳಿಗೆ, ಆ ಹೋಲಿಕೆಯೇ ಅವಳನ್ನು ಹಿಡಿದು ಕೆಡವಿತು. ಅಮ್ಮ ಹೋದದ್ದು ಲೋಟ ಒಡೆದ ಎರಡನೆಯ ದಿನ. ಅದಾಗಿ ನಾಲ್ಕು ದಿನಕ್ಕೆ ಅತ್ತೆ ಒಗೆಯಲು ಹಾಕಿದ ಹಾಸಿಗೆಯ ಬಟ್ಟೆಯಲ್ಲಿ ಕೆಸರಿನ ಕಲೆ ಕಂಡಿದ್ದಳು. ಕಾಯಿಸಿದ ನೀರು ಬಿಟ್ಟು ಬೇರೇನೂ ಕೊಡಬಾರದೆಂದು ಡಾಕ್ಟರು ಹೇಳಿದ್ದರು. ಕಲೆಯ ಬಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ಅತ್ತೆ ನಡುಮನೆಗೆ ಬಂದು, “ಯಾರೇ ಅದು? ಸಾಯೋಳ ಬಾಯಿಗೆ ಮಣ್ಣು ಹಾಕಿದ್ದು ಯಾರೇ?” ಎಂದು ಕೂಗಿದಳು. ಅಪ್ಪ ಕುರ್ಚಿಯಲ್ಲಿ ಕುಳಿತಿದ್ದ, ತಲೆ ಎತ್ತಲಿಲ್ಲ. ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಇಷ್ಟು ವರ್ಷ ಅದನ್ನು ಕ್ಷಮಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. ಅವಳ ಎಡಗೈ ತಾನಾಗಿ ಮೇಲೆದ್ದು, ಮೂಲೆಯಲ್ಲಿ ಬೊಂಬೆಯ ಕಾಲು ಕೀಳುತ್ತಿದ್ದ ತಂಗಿಯನ್ನು ತೋರಿಸಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಪಾಳಕ್ಕೆ ಬಿದ್ದ ಏಟಿಗೆ ತಂಗಿ ಗೋಡೆಗೆ ಹೋಗಿ ತಾಗಿದಳು. ಅಳಲಿಲ್ಲ, ಅದೇ ವಿಚಿತ್ರ. ಐದು ವರ್ಷದ ಮಗು, ಕೆನ್ನೆಯ ಮೇಲೆ ನಾಲ್ಕು ಬೆರಳಿನ ಗುರುತು ಮೂಡುತ್ತಿದ್ದರೂ ಅತ್ತೆಯನ್ನು ನೋಡದೆ ಅಕ್ಕನನ್ನೇ ನೋಡುತ್ತ ನಿಂತಿತ್ತು. ಆಮೇಲೆ ಅತ್ತೆ ಇರುವಷ್ಟು ಕಾಲ, ಹನ್ನೊಂದು ವರ್ಷ, ಹಾಲು ಉಕ್ಕಿದರೂ ಗ್ಲಾಸು ಒಡೆದರೂ, ತಾಯಿಯನ್ನು ತಿಂದವಳು ಎಂಬ ಮಾತು ತಂಗಿಗೇ ಬಿತ್ತು. ಪ್ರತಿ ಸಲ ಇವಳಿಗೆ, ಸದ್ಯ ತನ್ನ ಹೆಸರಿಲ್ಲವಲ್ಲ ಎಂದು ಸಮಾಧಾನವಾಗುತ್ತಿತ್ತು. ಮಲಗುವಾಗ ಹೇಳಿದ ಕಥೆ ಆ ಸಮಾಧಾನಕ್ಕೆ ಹೊದಿಸಿದ ಬಟ್ಟೆ. ಒಂದೇ ಏಟಿಗೆ ಎರಡು ಹಕ್ಕಿ: ತಂಗಿಗೆ ಅಮ್ಮನ ನಗು ಸಿಕ್ಕಿತು, ಲೋಟ ತಂಗಿಯದೇ ಎಂದು ಖಾಯಂ ಆಯಿತು. ಏಟನ್ನು ದಾಟಿಸುವಾಗ ನಗುವೂ ಅದರ ಜೊತೆಗೇ ಹೋಗುತ್ತದೆಂದು ಒಂಬತ್ತು ವರ್ಷಕ್ಕೆ ಹೇಗೆ ಹೊಳೆಯಬೇಕು? ಆದರೂ, ಆದರೂ ಎಂದು ಅವಳು ಹಲ್ಲು ಕಚ್ಚಿದಳು. ಅದು ಮನೆಯೊಳಗಿನ ಮಾತು. ಅದನ್ನು ತೆಗೆದು ಗೋಡೆಗೆ ಅಂಟಿಸುವುದೇ? ಕತ್ತಲಲ್ಲಿ ಒಬ್ಬರ ಕಿವಿಗೆ ಹೇಳಿದ್ದನ್ನು ಊರಿಗೆಲ್ಲ ಓದಲು ಕೊಡುವುದೇ? ಮೋಸವೆಂದರೆ ಇದಲ್ಲದೆ ಇನ್ನೇನು?

ತಂಗಿ ಮೇಜಿನ ಆ ತುದಿಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ನೆರೆತ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದಳು, ಮಣಿಕಟ್ಟಿನ ಗೆರೆಗಳಲ್ಲಿ ಬಿಳಿ ಮಣ್ಣು ಒಣಗಿತ್ತು. “ಬಂದ್ಯಾ? ಊಟ ಆಯ್ತಾ? ಓದಿದ್ಯಾ?” ಮೂರು ಪ್ರಶ್ನೆಗೂ ಒಂದೇ ಧಾಟಿ.

“ಓದ್ದೆ.”

“ತಪ್ಪಿದ್ಯಾ?”

ಅವಳು ಹಾಳೆಯನ್ನು ತೆಗೆದು ಬಿಡಿಸಿದಳು. ಪೆನ್ನಿನ ಮುಚ್ಚಳ ತೆಗೆದಳು. ತಂಗಿ ಅಲ್ಲಾಡದೆ ನಿಂತಿದ್ದಳು, ಕೈ ಒರೆಸುವುದನ್ನೂ ನಿಲ್ಲಿಸಿದ್ದಳು. “ಈ ಲೋಟ...” ಎಂದು ಶುರುಮಾಡಿದಳು. ಹೂಂ ಎಂದಳು ತಂಗಿ, ತೀರ ಮೆಲ್ಲಗೆ. ಅಷ್ಟು ಮೆಲ್ಲಗೆ ತಂಗಿ ಮಾತಾಡಿದ್ದನ್ನು ಅವಳು ಬಹಳ ವರ್ಷಗಳಿಂದ ಕೇಳಿರಲಿಲ್ಲ. ಲೋಟ ನಾನು ಮಾಡಿದ್ದು. ಮೂರೇ ಪದ. ಆದರೆ ಆ ಮೂರರ ಹಿಂದೆ ನಾಲ್ಕನೆಯ ಮಾತೊಂದು ತಂಗಿಯ ಕಡೆಯಿಂದ ಬರುತ್ತದೆ: ಹಾಗಾದ್ರೆ ನಂಗೆ ಯಾಕೆ ಏಟು ಬಿತ್ತು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳ ಕೈ ತನ್ನ ಕೆನ್ನೆಗೆ ಹೋಯಿತು. ನಗು ಬೇಕಾದರೆ ಏಟನ್ನೂ ಎತ್ತಿಕೊಳ್ಳಬೇಕು, ಬಿಡಿಬಿಡಿಯಾಗಿ ಕೊಡುವುದಿಲ್ಲ. ಹುಡುಗಿ ಅಂಟು ಟೇಪಿನ ಸುರುಳಿ ಹಿಡಿದು ಕಾಯುತ್ತಿದ್ದಳು.

“ಇಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ,” ಎಂದಳು. “ಎರಡನೇ ಸಾಲಲ್ಲಿ.”

“ಅಷ್ಟೇನಾ?”

“ಅಷ್ಟೇ.”

ತಂಗಿ ಅವಳ ಮುಖವನ್ನೇ ನೋಡಿದಳು. ನಡುಮನೆಯಲ್ಲಿ ಗೋಡೆಗೊರಗಿ ನೋಡಿದ್ದಳಲ್ಲ, ಹಾಗೆಯೇ. ಇವಳಿಗೇನು ಗೊತ್ತು ಎಂದುಕೊಂಡು ಅವಳು ಕಣ್ಣು ತಪ್ಪಿಸಿದಳು. “ಸರಿ,” ಎಂದು ತಂಗಿ ಹಾಳೆಯನ್ನು ವಾಪಸ್ ಇಸಿದುಕೊಂಡು, ಮಡಿಸಿ, ಜೇಬಿಗೆ ಹಾಕಿದಳು. ಹುಡುಗಿಯ ಕಡೆ ತಿರುಗಿ, “ಒಂದು ದೀರ್ಘ ತಾನೆ, ಪರವಾಗಿಲ್ಲ. ಅಂಟಿಸಿಬಿಡಮ್ಮ,” ಎಂದಳು. ಹಲಗೆ ಮುಖ ತಿರುಗಿಸಿ ಗೋಡೆಗೇರಿತು. ಹುಡುಗಿ ಮೂಲೆಗಳನ್ನು ಅಂಗೈಯಿಂದ ಗುದ್ದಿದಳು. 'ನಾನು ಅವಳಿಗೆ ನೀರು ಕೊಟ್ಟೆ' ಎಂಬುದು ಈಗ ಬೆರಳಿನಷ್ಟು ದಪ್ಪ ಅಕ್ಷರದಲ್ಲಿತ್ತು.

ನಾಲ್ಕಕ್ಕೆ ಜನ ಬಂದರು. ಗಂಡನೂ ಬಂದು, ಹಲಗೆಯ ಮುಂದೆ ನಿಂತು, ತುಟಿ ಅಲ್ಲಾಡಿಸುತ್ತ ಇನ್ನೊಮ್ಮೆ ಓದಿದ. ಒಬ್ಬ ಹೆಂಗಸು ಓದುತ್ತ ಮೂಗು ಒರೆಸಿಕೊಂಡಳು. ಆ ಕಣ್ಣೀರು ನನಗೆ ಬರಬೇಕಾದದ್ದು ಎಂದು ಅವಳಿಗೆ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ಅಸಹ್ಯವಾಯಿತು. ಎಲ್ಲಿ ನಿಂತರೂ ಯಾರದೋ ಫೋಟೋಗೆ ಅಡ್ಡವಾಗುತ್ತಿದ್ದಳು. ಸ್ವಲ್ಪ ಈಕಡೆ ಬನ್ನಿ ಆಂಟಿ, ಎಂದು ಎರಡು ಸಲ ಸರಿಸಿದರು. ಹೊರಟುಬಿಡೋಣ ಎಂದು ಗಂಡನನ್ನು ಹುಡುಕುತ್ತಿರುವಾಗ ತಂಗಿ ಚಪ್ಪಾಳೆ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದಳು. “ಭಾಷಣ ಏನೂ ಇಲ್ಲ. ಮೊದಲನೇ ನೀರು ನಮ್ಮಕ್ಕ ಹಾಕಿಸ್ಕೋತಾಳೆ.” ಸಾಲಿನ ಮೊದಲ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದಳು.

ಅವಳು ಅಭ್ಯಾಸದಂತೆ ಎಡಗೈ ಚಾಚಿದಳು. ಕುಡಿಯುವ ಕಡೆ ಅಂಚನ್ನು ಸ್ವಲ್ಪ ಬಾಗಿಸಿದ್ದರು, ಅದನ್ನು ತನ್ನ ಕಡೆ ತಿರುಗಿಸಿಕೊಂಡಳು. ತಿರುಗಿಸುತ್ತಿದ್ದ ಹಾಗೆಯೇ ಹೆಬ್ಬೆಟ್ಟು ಕುಳಿಯೊಳಗೆ ಹೋಗಿ ಕುಳಿತಿತು. ತಪ್ಪು ಬದಿಯಲ್ಲ, ಎಡಗೈಯ ಬದಿ. ಅವಳ ಹೆಬ್ಬೆಟ್ಟು ಹುಟ್ಟಿನಿಂದಲೇ ತುದಿಯಲ್ಲಿ ಹೊರಕ್ಕೆ ಬಾಗಿತ್ತು, ಕುಳಿಯೂ ತುದಿಯಲ್ಲಿ ಹೊರಕ್ಕೆ ಬಾಗಿತ್ತು. ಅವಳು ತಲೆ ಎತ್ತಿ ಗೋಡೆಯ ಹಲಗೆಗಳ ಮೇಲಿನ ಸುಟ್ಟ ಲೋಟಗಳನ್ನು ನೋಡಿದಳು. ಒಂದೊಂದರಲ್ಲೂ ಅದೇ. ಮೂರು ಪ್ರದರ್ಶನ, ನೂರಾರು ಲೋಟ, ಎಲ್ಲದರಲ್ಲೂ ಅವಳ ಹೆಬ್ಬೆಟ್ಟು. ಮುಟ್ಟಬೇಡಿ ಎಂದು ಬರೆದದ್ದನ್ನು ಅವಳು ಪಾಲಿಸಿದ್ದಳು.

“ನಿಂಗೆ ಗೊತ್ತಿತ್ತಾ?” ಎಂದು ಪಿಸುಗುಟ್ಟಿದಳು. ತಂಗಿ ನೀರಿನ ಹೂಜಿ ಎತ್ತಿಕೊಂಡು ಹತ್ತಿರ ಬಂದಿದ್ದಳು. ನೋಡುವವರಿಗೆ ಅಕ್ಕ ತಂಗಿ ಏನೋ ಪ್ರೀತಿಯ ಮಾತಾಡುತ್ತಿದ್ದಾರೆ ಎನ್ನಿಸಬೇಕು.

“ಮಂಚದ ಕೆಳಗೇ ಆಡ್ತಾ ಕೂತಿದ್ನಲ್ಲ ಅಕ್ಕ. ನೀನು ಎಡಗೈಲಿ ಕುಡಿಸ್ತಿದ್ದೆ. ನನ್ನ ತಲೆ ಮೇಲೂ ಒಂದು ಹನಿ ಬಿತ್ತು.”

“ಮತ್ತೆ ಯಾಕೆ ಸುಮ್ನಿದ್ದೆ? ಇಷ್ಟು ವರ್ಷ?”

“ನೀನೇ ಹೇಳ್ತೀಯ ಅಂತ. ಪ್ರತಿ ಸಲ ತಪ್ಪು ನೋಡು ಅಂತ ನಿಂಗೇ ತಂದುಕೊಟ್ಟೆ. ಪ್ರತಿ ಸಲ ನೀನು ದೀರ್ಘ ತಿದ್ದಿ ಕೊಟ್ಟೆ. ಈ ಸಲ ಪೂರ್ತಿ ಬರೆದೆ. ಅಷ್ಟು ದೊಡ್ಡ ಸುಳ್ಳು ಬರೆದ್ರಾದ್ರೂ ತಡ್ಕೊಳ್ಳೋಕಾಗಲ್ಲ ನಿಂಗೆ ಅಂದ್ಕೊಂಡೆ.”

“ಈಗ ಹೇಳ್ತೀನಿ. ಎಲ್ಲರ ಮುಂದೆ ಹೇಳ್ತೀನಿ. ನಾನೇ ಕಣೇ. ನಾನೇ ಮಾಡಿದ್ದು, ನಾನೇ ಕೊಟ್ಟಿದ್ದು, ನಿನ್ನ ಕಡೆ ಕೈ ತೋರಿಸಿದ್ದೂ ನಾನೇ.”

“ಬೇಡ,” ಎಂದಳು ತಂಗಿ. ಸಿಟ್ಟಿರಲಿಲ್ಲ, ಅದಕ್ಕೇ ಭಯವಾಯಿತು ಅವಳಿಗೆ. “ಅಂಟಿಸಿ ಆಯ್ತು. ಹನ್ನೊಂದು ವರ್ಷ ಏಟು ತಿಂದಿದ್ದೀನಿ ಆ ಲೋಟಕ್ಕೆ. ಈಗ ಅದು ನಂದು, ಅಮ್ಮ ನಕ್ಕಿದ್ದೂ ಸೇರಿ. ಇನ್ನು ವಾಪಸ್ ಕೊಡಲ್ಲ ಅಕ್ಕ. ಸರಿಯಾಗಿ ಹಿಡ್ಕೋ,” ಎಂದು ನೀರು ಸುರಿದಳು.

ಪೂರ್ತಿ ಒಣಗಿದ ಮಣ್ಣು ಎಷ್ಟು ಹೊತ್ತು ತಡೆಯುತ್ತದೆಂದು ಅವಳಿಗೆ ಗೊತ್ತಿತ್ತು. ಲೋಟದ ಹೊರಮೈ ತಳದಿಂದ ಮೇಲಕ್ಕೆ ಮೆಲ್ಲಗೆ ಕಪ್ಪಾಗುತ್ತ ಬಂತು. ಸಣ್ಣ ಗುಳ್ಳೆಗಳ ಸದ್ದು. ಬೆರಳ ಕೆಳಗೆ ಗೋಡೆ ಮೆತ್ತಗಾಯಿತು, ಹೆಬ್ಬೆಟ್ಟು ಕುಳಿಯಲ್ಲಿ ಇನ್ನೂ ಒಳಕ್ಕೆ ಇಳಿಯಿತು. ತೊಟ್ಟಿಯ ಮೇಲೆ ಹಿಡಿಯಬೇಕಿತ್ತು, ಅವಳು ಎದೆಗೆ ಹತ್ತಿರ ಹಿಡಿದಿದ್ದಳು. ತಳ ಬಿಟ್ಟಿತು. ಕುತ್ತಿಗೆಯಿಂದ ಹೊಟ್ಟೆಯವರೆಗೆ ತಣ್ಣನೆಯ ಕೆಸರು ಇಳಿಯಿತು. ಜನ ಒಂದು ಕ್ಷಣ ಬೆಚ್ಚಿ, ಆಮೇಲೆ ಒಳ್ಳೆಯ ಮನಸ್ಸಿನಿಂದಲೇ ನಕ್ಕರು, ಚಪ್ಪಾಳೆ ತಟ್ಟಿದರು. ಗಂಡ ಎಲ್ಲರಿಗಿಂತ ಜೋರಾಗಿ ನಕ್ಕ. ಅವಳು ಆ ನಗುಗಳ ನಡುವೆ ಒಂದನ್ನು, ಕೆಮ್ಮುತ್ತ ಬರುವ ಸಣ್ಣದನ್ನು, ಕಿವಿಗೊಟ್ಟು ಹುಡುಕಿದಳು. ಮೂವತ್ತೊಂಬತ್ತು ವರ್ಷ ತಟ್ಟಿ ಕೇಳಿದ ಕಿವಿ. ಏನೂ ಸಿಗಲಿಲ್ಲ. ತಂಗಿ ಆಗಲೇ ಹೂಜಿ ಹಿಡಿದು, ಎರಡನೆಯ ಲೋಟವನ್ನು ಎತ್ತಿಕೊಂಡ ಮುದುಕರೊಬ್ಬರ ಕಡೆ ಹೋಗಿದ್ದಳು.

ಅವಳು ಹಾಗೆಯೇ ನಿಂತಿದ್ದಳು. ಕೈಯಲ್ಲಿ ಉಳಿದ ಮಣ್ಣಿನ ಮುದ್ದೆ ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು. ಕನ್ನಡಕದ ಹುಡುಗಿ ಬಟ್ಟೆ, ಬಕೆಟ್ಟು ಹಿಡಿದು ಬಂದವಳು ನೆಲ ನೋಡಿ ಗಾಬರಿಯಾದಳು. ತೊಟ್ಟಿಯ ಹೊರಗೆ, ಪಾಲಿಶ್ ಮಾಡಿದ ಮರದ ನೆಲದ ಮೇಲೆ, ಕೆಸರು ಮಡುಗಟ್ಟಿತ್ತು. “ಅಯ್ಯೋ ದೇವರೆ, ಇಲ್ಲಿ ಚೆಲ್ಲಿದ್ದು ಯಾರು?”

ಅವಳ ಎಡಗೈ ತಾನಾಗಿ ಮೇಲೆದ್ದಿತು. ಕೆಸರು ಮೊಣಕೈಯವರೆಗೆ ಇಳಿಯಿತು. ಆ ಕೈ ಎಲ್ಲಿಗೆ ಹೋಗುತ್ತದೆಂದು ಅವಳಿಗೇ ಗೊತ್ತಿರಲಿಲ್ಲ, ಅದು ಬಂದು ಅವಳ ಎದೆಯ ಮೇಲೆಯೇ ಕುಳಿತಿತು.

“ನಾನು,” ಎಂದಳು.

“ಪರವಾಗಿಲ್ಲ ಬಿಡಿ, ಬರೀ ಮಣ್ಣು ತಾನೆ,” ಎಂದು ಹುಡುಗಿ ಮಂಡಿಯೂರಿ ಒರೆಸತೊಡಗಿದಳು.

“ಅಲ್ಲಮ್ಮ, ನಾನೇ ಮಾಡಿದ್ದು,” ಎಂದು ಅವಳು ಇನ್ನೊಂದು ಸಲ, ಸ್ವಲ್ಪ ಜೋರಾಗಿ ಹೇಳಿದಳು. ಹುಡುಗಿ ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿ, ಹೂಂ ಹೂಂ ಎನ್ನುತ್ತ, ಎರಡನೆಯ ಲೋಟ ಒಡೆದ ಕಡೆಗೆ ಆಗಲೇ ಹೊರಟಿದ್ದಳು.